ಬೈಕಿನ ವಿಂಡ್‌ಶೀಲ್ಡ್ ಮತ್ತು ಮನೆಯಲ್ಲೇ ಮಾಡುವ ಚಿಕ್ಕಪುಟ್ಟ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡ್‌ಶೀಲ್ಡ್ ಬದಲಿಸಬೇಕು ಅಂತ ಶುರು ಮಾಡಿದವರು ಕೊನೆಗೆ ಚೈನ್, ಬ್ಯಾಟರಿ, ಬ್ರೇಕ್ ಬಗ್ಗೆಯೂ ಕೇಳುತ್ತಾರೆ. ಪಾನಾ ಕೈಗೆ ಬಂದ ಮೇಲೆ ಯಾರೂ ಒಂದೇ ಬೋಲ್ಟಿಗೆ ನಿಲ್ಲುವುದಿಲ್ಲ. ಅದಕ್ಕೇ ಎರಡನ್ನೂ ಒಟ್ಟಿಗೆ ಇಟ್ಟಿದ್ದೇನೆ. ಇಲ್ಲಿರುವ ಅಳತೆಗಳು ಸಾಮಾನ್ಯ ಬೈಕುಗಳಿಗೆ ಹೊಂದುವಂಥವು. ನಿಮ್ಮ ಬೈಕಿನ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ನಂಬಿ.

ನನ್ನ ಬೈಕಿಗೆ ವಿಂಡ್‌ಶೀಲ್ಡ್ ನಿಜಕ್ಕೂ ಬೇಕಾ?

ನೀವು ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ಓಡಿಸುತ್ತೀರಿ ಅನ್ನುವುದರ ಮೇಲೆ ಇದೆ. ವೇಗ ಎರಡು ಪಟ್ಟಾದರೆ ಎದೆಗೆ ಬಡಿಯುವ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹಾಯೆನಿಸುವ ಗಾಳಿಯೇ 100ರಲ್ಲಿ ಕತ್ತು, ಭುಜ ಹಿಡಿದುಕೊಳ್ಳುವಂತೆ ಮಾಡುತ್ತದೆ. ಊರೊಳಗಷ್ಟೇ ಓಡಾಡುವವರಿಗೆ ವಿಂಡ್‌ಶೀಲ್ಡಿನಿಂದ ದೊಡ್ಡ ಲಾಭ ಇಲ್ಲ. ಬಿಸಿಲಲ್ಲಿ ಮೈಗೆ ಗಾಳಿ ಸಿಗದೆ ಸೆಕೆಯೇ ಜಾಸ್ತಿ. ದೂರ ಹೋಗುವವರಿಗೆ, ಚಳಿ ಮಳೆಯಲ್ಲಿ ಓಡಿಸುವವರಿಗೆ ಮಾತ್ರ ಇದು ಖರ್ಚಿಗೆ ತಕ್ಕ ವಸ್ತು.

ಎತ್ತರ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?

ಅಲ್ಲ. ಜನ ಹೆಚ್ಚಾಗಿ ಎಡವುವುದು ಇಲ್ಲೇ.

ವಿಂಡ್‌ಶೀಲ್ಡ್ ಗಾಳಿಯನ್ನು ಇಲ್ಲವಾಗಿಸುವುದಿಲ್ಲ, ಪಕ್ಕಕ್ಕೂ ಮೇಲಕ್ಕೂ ತಿರುಗಿಸುತ್ತದೆ ಅಷ್ಟೇ. ಹೊಳೆಯಲ್ಲಿ ಬಂಡೆ ದಾಟಿದ ನೀರು ಹಿಂದೆ ಸುಳಿ ಸುತ್ತುತ್ತದಲ್ಲ, ಹಾಗೇ ಅದರ ಮೇಲಂಚು ದಾಟಿದ ಗಾಳಿಯೂ ಸುತ್ತುತ್ತದೆ. ಆ ಸುಳಿ ನಿಮ್ಮ ಹೆಲ್ಮೆಟ್ಟಿಗೆ ಹೊಡೆದರೆ ತಲೆ ಗಡಗಡ ಅಲ್ಲಾಡುತ್ತದೆ, ಸದ್ದೂ ಜಾಸ್ತಿ. ಗಾಳಿ ಅಡೆತಡೆಯಿಲ್ಲದೆ ನೇರವಾಗಿ ಹೆಲ್ಮೆಟ್ಟಿಗೆ ಬಡಿದರೂ ಇಷ್ಟು ಹಿಂಸೆಯಾಗುವುದಿಲ್ಲ.

ಹಾಗಾಗಿ ಎರಡರಲ್ಲಿ ಒಂದು ಆಗಬೇಕು. ಒಂದೋ ಗಾಳಿ ಹೆಲ್ಮೆಟ್ಟಿನ ಮೇಲಿಂದ ಪೂರ್ತಿ ದಾಟಿ ಹೋಗಬೇಕು. ಇಲ್ಲವೇ ವಿಂಡ್‌ಶೀಲ್ಡ್ ಗಿಡ್ಡವಿದ್ದು ಎದೆಯನ್ನಷ್ಟೇ ಕಾಪಾಡಿ, ತಲೆಗೆ ನೇರ ಗಾಳಿ ಬಿಡಬೇಕು. ನಡುವಿನ ಎತ್ತರದ್ದೇ ಕಿರಿಕಿರಿ.

ಎತ್ತರದ್ದು ಬೇಕೆಂದರೂ ಒಂದು ಮಿತಿ ಇದೆ. ಬೈಕಿನ ಮೇಲೆ ಮಾಮೂಲಿನಂತೆ ಕುಳಿತು ನೇರ ಮುಂದೆ ನೋಡಿ. ಮೇಲಂಚು ನಿಮ್ಮ ಮೂಗಿನ ಮಟ್ಟಕ್ಕೆ ಬಂದರೆ ಸಾಕು. ನೋಟ ಅಂಚಿನ ಮೇಲಿಂದ ಹಾಯಬೇಕು, ಪ್ಲಾಸ್ಟಿಕ್ಕಿನ ಮೂಲಕ ಅಲ್ಲ. ಮಳೆಯಲ್ಲಿ, ರಾತ್ರಿ ಎದುರಿನ ಲೈಟು ಬಿದ್ದಾಗ, ಗೀರು ಬಿದ್ದ ಪ್ಲಾಸ್ಟಿಕ್ಕಿನ ಮೂಲಕ ರಸ್ತೆ ಹುಡುಕುವುದು ಅಪಾಯ.

ಹೊಸದು ಹಾಕಿದ ಮೇಲೆ ತಲೆ ಇನ್ನೂ ಜಾಸ್ತಿ ಅಲ್ಲಾಡುತ್ತಿದೆ. ಏನು ಮಾಡಲಿ?

ತಕ್ಷಣ ಇನ್ನೊಂದು ಕೊಳ್ಳಲು ಓಡಬೇಡಿ. ಮೊದಲು ಸುಳಿ ಎಲ್ಲಿದೆ ಅಂತ ಪತ್ತೆ ಮಾಡಿ. ಖಾಲಿಯಾದ ನೇರ ರಸ್ತೆಯಲ್ಲಿ, ತೊಂದರೆ ಗೊತ್ತಾಗುವ ವೇಗದಲ್ಲಿ ಹೋಗುತ್ತಾ ಫುಟ್‌ರೆಸ್ಟ್ ಮೇಲೆ ನಿಧಾನಕ್ಕೆ ಸ್ವಲ್ಪ ಎದ್ದು ನೋಡಿ. ಯಾವುದೋ ಒಂದು ಎತ್ತರದಲ್ಲಿ ಸದ್ದು ಬದಲಾಗಿ ತಲೆ ಸ್ಥಿರವಾಗುತ್ತದೆ. ಆಮೇಲೆ ಕುಳಿತೇ ತಲೆ ತಗ್ಗಿಸಿ ನೋಡಿ. ಕೆಳಗೂ ಒಂದು ಕಡೆ ಶಾಂತವಾಗುತ್ತದೆ. ಮೇಲೆ ಎರಡು ಇಂಚು ಎದ್ದರೆ ಸರಿಹೋಗುತ್ತದೆ ಅಂದರೆ ಸುಮಾರು ಅಷ್ಟೇ ಗಿಡ್ಡನೆಯದು ಬೇಕು. ತಗ್ಗಿದಾಗ ಸರಿಹೋದರೆ ಅಷ್ಟು ಎತ್ತರದ್ದು ಬೇಕು. ಈ ಒಂದು ಪರೀಕ್ಷೆ ಮಾಡದೆ ಯಾರ ಶಿಫಾರಸನ್ನೂ ಕೇಳಬೇಡಿ. ನಿಮ್ಮ ಬೈಕೇ ಇಟ್ಟುಕೊಂಡಿರುವ ಗೆಳೆಯನ ಎತ್ತರ ಬೇರೆ, ಅವನ ಹೆಲ್ಮೆಟ್ಟಿನ ಆಕಾರ ಬೇರೆ.

ಇದರ ಜೊತೆ ಕೋನವನ್ನೂ ನೋಡಿ. ಬ್ರಾಕೆಟ್ ಹೊಂದಿಸಲು ಬರುವಂಥದ್ದಾದರೆ ಒಂದೊಂದೇ ಹಂತ ಬದಲಿಸಿ ಓಡಿಸಿ. ಒಂದೇ ಸಲ ಎತ್ತರ, ಕೋನ ಎರಡನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಮೇಲಂಚಿಗೆ ಕ್ಲಿಪ್ ಹಾಕಿ ಕೂರಿಸುವ ಚಿಕ್ಕ ಡಿಫ್ಲೆಕ್ಟರ್‌ಗಳೂ ಇವೆ. ಹೊಸ ವಿಂಡ್‌ಶೀಲ್ಡಿಗಿಂತ ಅಗ್ಗ, ಹಿಂದೆ ಮುಂದೆ ಬಗ್ಗಿಸಿ ನೋಡಬಹುದು. ನನ್ನ ಮಟ್ಟಿಗೆ ಇವು ನೋಡಲು ಚೆನ್ನಾಗಿಲ್ಲ, ಆದರೆ ಕೆಲಸ ಮಾಡುತ್ತವೆ.

ಇನ್ನೊಂದು ಕಾರಣವನ್ನು ಬಹಳ ಜನ ಗಮನಿಸುವುದೇ ಇಲ್ಲ. ದೊಡ್ಡ ವಿಂಡ್‌ಶೀಲ್ಡಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಆಗ ಹಿಂದಿನಿಂದ, ಪಕ್ಕದಿಂದ ಗಾಳಿ ಒಳಗೆ ನುಗ್ಗುತ್ತದೆ. ಬೆನ್ನಿಗೆ ಯಾರೋ ಮುಂದಕ್ಕೆ ತಳ್ಳಿದಂತೆ ಅನ್ನಿಸುವುದು ಇದರಿಂದಲೇ. ವಿಂಡ್‌ಶೀಲ್ಡಿನ ಬುಡದಲ್ಲಿ ಸ್ವಲ್ಪ ಗಾಳಿ ಒಳಗೆ ಬರಲು ಬಿಟ್ಟರೆ ಒತ್ತಡ ಸಮವಾಗುತ್ತದೆ. ಬ್ರಾಕೆಟ್ ಬಳಿ ಉದ್ದನೆಯ ಸ್ಪೇಸರ್, ವಾಷರ್ ಹಾಕಿ ಹೆಡ್‌ಲೈಟಿನ ಕವಚಕ್ಕೂ ವಿಂಡ್‌ಶೀಲ್ಡಿಗೂ ನಡುವೆ ಸಂದು ಮಾಡಿದರೆ ಎಷ್ಟೋ ಬೈಕುಗಳಲ್ಲಿ ಅಲ್ಲಾಟ ಕಡಿಮೆಯಾಗುತ್ತದೆ.

ಒಳಗೆ ಸದ್ದು ಪೂರ್ತಿ ಹೋಗುವುದೇ ಇಲ್ಲವಾ?

ಹೋಗುವುದಿಲ್ಲ. ಗಂಟೆಗೆ 100 ಕಿ.ಮೀ. ಮೇಲೆ ಹೆಲ್ಮೆಟ್ ಒಳಗಿನ ಗಾಳಿಯ ಸದ್ದು 90 ಡೆಸಿಬಲ್ ದಾಟುತ್ತದೆ. ಗಂಟೆಗಟ್ಟಲೆ ಇದನ್ನು ಕೇಳಿದರೆ ಕಿವಿಗೆ ಕೇಡು. ಫೋಮಿನ ಕಿವಿಬೆಣೆಗಳು ಯಾವ ವಿಂಡ್‌ಶೀಲ್ಡಿಗಿಂತಲೂ ಚೆನ್ನಾಗಿ ಈ ಕೆಲಸ ಮಾಡುತ್ತವೆ. ಅವುಗಳಿಗೆ ನಿಮ್ಮ ಕಡೆ ಕಾನೂನಿನ ಅಡ್ಡಿ ಇದೆಯೇ ಅಂತ ಮಾತ್ರ ಮೊದಲು ನೋಡಿಕೊಳ್ಳಿ.

ಪಾಲಿಕಾರ್ಬನೇಟ್ ಒಳ್ಳೆಯದಾ, ಅಕ್ರಿಲಿಕ್ ಒಳ್ಳೆಯದಾ?

ಪಾಲಿಕಾರ್ಬನೇಟ್ ಪೆಟ್ಟು ತಡೆಯುತ್ತದೆ. ಕಲ್ಲು ಬಡಿದರೆ ಬಗ್ಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ಆದರೆ ಮೇಲ್ಮೈ ಮೆತ್ತಗೆ, ಬೇಗ ಗೀರು ಬೀಳುತ್ತದೆ. ಅದಕ್ಕೇ ಒಳ್ಳೆಯ ಪಾಲಿಕಾರ್ಬನೇಟಿಗೆ ಗಟ್ಟಿ ಲೇಪನ ಕೊಟ್ಟಿರುತ್ತಾರೆ. ಲೇಪನ ಇಲ್ಲದ್ದು ಬಿಸಿಲಿಗೆ ಹಳದಿಯಾಗುತ್ತದೆ.

ಅಕ್ರಿಲಿಕ್ ಇನ್ನಷ್ಟು ತಿಳಿಯಾಗಿರುತ್ತದೆ, ಮೇಲ್ಮೈ ಗಟ್ಟಿ, ಸಣ್ಣ ಗೀರುಗಳನ್ನು ಪಾಲಿಶ್ ಮಾಡಿ ತೆಗೆಯಬಹುದು. ಪೆಟ್ಟು ಬಿದ್ದರೆ ಮಾತ್ರ ಚೂರಾಗುತ್ತದೆ. ಕಲ್ಲುರಸ್ತೆಯಲ್ಲಿ ಓಡಿಸುವವರಾದರೆ ಲೇಪನ ಇರುವ ಪಾಲಿಕಾರ್ಬನೇಟ್ ಅಂತ ಕಣ್ಣುಮುಚ್ಚಿ ಹೇಳುತ್ತೇನೆ.

ಕಪ್ಪು ಬಣ್ಣದ್ದು ಹಾಕಿಸಲಾ?

ಗಿಡ್ಡನೆಯದಾದರೆ ಪರವಾಗಿಲ್ಲ, ನೀವು ಅದರ ಮೂಲಕ ನೋಡುವುದೇ ಇಲ್ಲ. ಎತ್ತರದ್ದಕ್ಕೆ ಬೇಡ.

ನಾನೇ ಅಳವಡಿಸಬಹುದಾ? ಏನೇನು ನೋಡಿಕೊಳ್ಳಬೇಕು?

ಖಂಡಿತ ಮಾಡಬಹುದು. ಬೈಕಿಗೆಂದೇ ಮಾಡಿದ ವಿಂಡ್‌ಶೀಲ್ಡ್ ಆದರೆ ಅಲೆನ್ ಕೀ, ಒಂದೆರಡು ಪಾನಾ ಸಾಕು. ಹಳೆಯದನ್ನು ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. ಯಾವ ವಾಷರ್ ಒಳಗಿತ್ತು, ಯಾವುದು ಹೊರಗಿತ್ತು ಅಂತ ಆಮೇಲೆ ನೆನಪಾಗುವುದಿಲ್ಲ.

ಬೋಲ್ಟಿನ ತಲೆಗೂ ಪ್ಲಾಸ್ಟಿಕ್ಕಿಗೂ ನಡುವೆ ರಬ್ಬರ್ ಅಥವಾ ನೈಲಾನ್ ವಾಷರ್ ಇರಲೇಬೇಕು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಒಂದನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ ಕೊನೆಯ ತೂತು ಸೇರುವುದೇ ಇಲ್ಲ. ಎಲ್ಲ ಕೂತ ಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ರಬ್ಬರ್ ಒತ್ತಿಕೊಂಡ ತಕ್ಷಣ ನಿಲ್ಲಿಸಿ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಅತಿಯಾಗಿ ಬಿಗಿದ ಬೋಲ್ಟಿನ ಸುತ್ತಲೇ ಬಿರುಕು ಹುಟ್ಟುವುದು.

ಬೋಲ್ಟ್ ಸಡಿಲವಾಗದಿರಲಿ ಅಂತ ಥ್ರೆಡ್ ಲಾಕ್ ದ್ರವ ಹಾಕುವ ಅಭ್ಯಾಸ ಇದ್ದರೆ ಇಲ್ಲಿ ಬಿಡಿ. ಅದು ಪಾಲಿಕಾರ್ಬನೇಟ್, ಅಕ್ರಿಲಿಕ್ ಎರಡನ್ನೂ ಸೀಳಿಸುತ್ತದೆ. ನೈಲಾನ್ ಇರುವ ಲಾಕ್ ನಟ್ ಬಳಸಿ.

ಕನ್ನಡಿಯ ಬುಡಕ್ಕೆ ಬ್ರಾಕೆಟ್ ಹಾಕುವುದಾದರೆ ಒಂದು ಎಚ್ಚರ. ಯಮಹಾದ ಎಷ್ಟೋ ಬೈಕುಗಳಲ್ಲಿ ಬಲಗಡೆ ಕನ್ನಡಿಯ ಥ್ರೆಡ್ ಉಲ್ಟಾ ಇರುತ್ತದೆ. ಬಿಚ್ಚುತ್ತಿದ್ದೇನೆ ಅಂತ ಬಲವಾಗಿ ಬಿಗಿಯುತ್ತಾ ಹೋದರೆ ಬ್ರೇಕ್ ಲಿವರಿನ ಹಿಡಿಯೇ ಒಡೆದೀತು.

ಕೊನೆಗೆ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಕೇಬಲ್, ಬ್ರೇಕ್ ಪೈಪ್, ಟ್ಯಾಂಕು ಯಾವುದಕ್ಕೂ ತಾಗಬಾರದು. ನ್ಯೂಟ್ರಲ್‌ನಲ್ಲಿ ಎಂಜಿನ್ ಆನ್ ಮಾಡಿ ಇನ್ನೊಮ್ಮೆ ತಿರುಗಿಸಿ. ತಿರುಗಿಸುವಾಗ ಎಂಜಿನ್ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಹಾಗೇ ರಸ್ತೆಗೆ ಇಳಿಯಬೇಡಿ.

ವೇಗದಲ್ಲಿ ಹ್ಯಾಂಡಲ್ ತೂಗಾಡುತ್ತದೆ. ವಿಂಡ್‌ಶೀಲ್ಡ್ ಕಾರಣವಾ?

ಆಗಿರಬಹುದು. ಹ್ಯಾಂಡಲ್ಲಿಗೋ ಫೋರ್ಕಿಗೋ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ) ಕಟ್ಟಿದ ದೊಡ್ಡ ವಿಂಡ್‌ಶೀಲ್ಡ್ ಮೇಲೆ ಬೀಳುವ ಗಾಳಿ ನೇರವಾಗಿ ಸ್ಟಿಯರಿಂಗಿಗೆ ಹೋಗುತ್ತದೆ. ಬೈಕಿನ ಫ್ರೇಮಿಗೆ ಕಟ್ಟಿದ್ದರಲ್ಲಿ ಈ ತೊಂದರೆ ಕಡಿಮೆ. ವೇಗ ತಗ್ಗಿಸಿ, ವಿಂಡ್‌ಶೀಲ್ಡ್ ತೆಗೆದು ಓಡಿಸಿ ನೋಡಿ. ಆಗಲೂ ತೂಗಾಡಿದರೆ ಟೈರಿನ ಗಾಳಿ, ಟೈರಿನ ಸವೆತ, ಸ್ಟಿಯರಿಂಗ್ ಬೇರಿಂಗ್ ನೋಡಿಸಬೇಕು.

ಹೇಗೆ ತೊಳೆಯುವುದು? ಗಾಜಿನ ಕ್ಲೀನರ್ ಸಾಕಲ್ವಾ?

ಗಾಜಿನ ಕ್ಲೀನರ್ ಬೇಡ. ಅದರಲ್ಲಿ ಅಮೋನಿಯಾ ಇದ್ದರೆ ಪ್ಲಾಸ್ಟಿಕ್ ಮಬ್ಬಾಗುತ್ತದೆ. ಪೆಟ್ರೋಲ್, ಥಿನ್ನರ್ ಕೂಡ ಬೇಡ. ಬ್ರೇಕ್ ಆಯಿಲ್ ಒಂದು ಹನಿ ಬಿದ್ದರೂ ಕೂಡಲೇ ನೀರು ಹಾಕಿ ತೊಳೆಯಿರಿ.

ಒಣಗಿ ಅಂಟಿದ ಹುಳುಗಳನ್ನು ಉಜ್ಜಬೇಡಿ. ಒದ್ದೆ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಹೊದಿಸಿಟ್ಟರೆ ತಾವಾಗಿಯೇ ಮೆತ್ತಗಾಗುತ್ತವೆ. ಆಮೇಲೆ ಸೌಮ್ಯವಾದ ಸೋಪಿನ ನೀರು, ಮೈಕ್ರೋಫೈಬರ್ ಬಟ್ಟೆ. ಒಣ ಬಟ್ಟೆಯಲ್ಲಿ ಧೂಳು ಒರೆಸುವುದೇ ಹೆಚ್ಚಿನ ಗೀರುಗಳ ಮೂಲ.

ಸಣ್ಣ ಬಿರುಕು ಬಿಟ್ಟಿದೆ. ಬದಲಿಸಲೇಬೇಕಾ?

ಬಿರುಕಿನ ತುದಿ ಎಲ್ಲಿದೆಯೋ ಸರಿಯಾಗಿ ಅಲ್ಲಿ 3 ಮಿ.ಮೀ. ತೂತು ಕೊರೆದರೆ ಅದು ಮುಂದೆ ಹೋಗುವುದು ಸಾಮಾನ್ಯವಾಗಿ ನಿಲ್ಲುತ್ತದೆ. ಡ್ರಿಲ್ ನಿಧಾನವಾಗಿ ತಿರುಗಲಿ, ಹಿಂದೆ ಮರದ ತುಂಡು ಇರಲಿ. ಬೋಲ್ಟಿನ ತೂತಿನಿಂದಲೇ ಸೀಳಿದ್ದರೆ ಅಥವಾ ಬಿರುಕು ನೋಟಕ್ಕೆ ಅಡ್ಡ ಬರುತ್ತಿದ್ದರೆ ಬದಲಿಸಿ.

ರಿಪೇರಿ ಕಲಿಯಲು ಯಾವ ಸಾಮಾನು ಕೊಳ್ಳಲಿ?

ದೊಡ್ಡ ಪೆಟ್ಟಿಗೆ ಕೊಳ್ಳುವ ಹುಚ್ಚು ಬೇಡ. 8, 10, 12, 14 ಮಿ.ಮೀ. ಪಾನಾಗಳು, 4, 5, 6 ಮಿ.ಮೀ. ಅಲೆನ್ ಕೀಗಳು, ಹಿಂದಿನ ಚಕ್ರದ ನಟ್ಟಿನ ಅಳತೆಯ ಪಾನಾ, ಪ್ಲಗ್ ಪಾನಾ, ಗಾಳಿ ನೋಡುವ ಗೇಜ್, ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್. ಇಷ್ಟರಲ್ಲಿ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಆಮೇಲೆ ದುಡ್ಡು ಹಾಕುವುದಾದರೆ ಟಾರ್ಕ್ ರೆಂಚಿಗೆ (ಎಷ್ಟು ಬಿಗಿದಿದ್ದೀರಿ ಅಂತ ಅಳೆಯುವ ಪಾನಾ) ಹಾಕಿ.

ಸ್ಕ್ರೂಡ್ರೈವರ್ ಬಗ್ಗೆ ಒಂದು ಮಾತು. ಜಪಾನಿನ ಕಂಪನಿಗಳ ಬೈಕುಗಳಲ್ಲಿರುವ ಪ್ಲಸ್ ಸ್ಕ್ರೂಗಳು ಹೆಚ್ಚಾಗಿ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯವು. ನೋಡಲು ಮಾಮೂಲಿ ಫಿಲಿಪ್ಸ್ ಥರವೇ ಇದ್ದರೂ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಜಾರಿ ಜಾರಿ ಸ್ಕ್ರೂ ತಲೆ ಸವೆಯುತ್ತದೆ. ಜೆಐಎಸ್ ತುದಿಯದ್ದೊಂದು ಇಟ್ಟುಕೊಂಡರೆ ಅರ್ಧ ಜಗಳ ಮುಗಿಯಿತು.

ಚೈನ್ ಎಷ್ಟು ಸಡಿಲ ಇರಬೇಕು? ಎಣ್ಣೆ ಯಾವಾಗ ಹಾಕಬೇಕು?

ಬಹುತೇಕ ರಸ್ತೆ ಬೈಕುಗಳಿಗೆ ಕೆಳಗಿನ ಚೈನಿನ ನಡುಭಾಗ ಮೇಲೆ ಕೆಳಗೆ ಸೇರಿ 25ರಿಂದ 35 ಮಿ.ಮೀ. ಆಡಬೇಕು. ಎತ್ತರದ ಸಸ್ಪೆನ್ಷನ್ ಇರುವ ಬೈಕುಗಳಿಗೆ ಇನ್ನೂ ಜಾಸ್ತಿ. ಚೈನ್ ಎಲ್ಲ ಕಡೆ ಸಮನಾಗಿ ಸವೆದಿರುವುದಿಲ್ಲ, ಹಾಗಾಗಿ ಚಕ್ರ ತಿರುಗಿಸುತ್ತಾ ಅತಿ ಬಿಗಿಯಾದ ಜಾಗದಲ್ಲಿ ಅಳೆಯಿರಿ. ಸಡಿಲಕ್ಕಿಂತ ಅತಿ ಬಿಗಿಯೇ ಕೆಟ್ಟದ್ದು. ಇಬ್ಬರು ಕುಳಿತು ಗುಂಡಿಗೆ ಬಿದ್ದಾಗ ಚೈನ್ ಇನ್ನೂ ಬಿಗಿಯಾಗುತ್ತದೆ. ಆ ಎಳೆತವನ್ನೆಲ್ಲ ಬೇರಿಂಗುಗಳು ತಿನ್ನಬೇಕು.

ಹೊಂದಿಸಲು ಹಿಂದಿನ ಚಕ್ರದ ನಟ್ ಸಡಿಲಿಸಿ, ಎರಡು ಕಡೆಯ ಅಡ್ಜಸ್ಟರುಗಳನ್ನೂ ಕಾಲು ಸುತ್ತಿನಂತೆ ಸಮನಾಗಿ ತಿರುಗಿಸಿ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಗೆರೆಗಳು ಎರಡೂ ಕಡೆ ಒಂದೇ ಇರಬೇಕು. ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಅಳತೆ ಬದಲಾಗುತ್ತದೆ.

ಎಣ್ಣೆ 500ರಿಂದ 1000 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಓಡಿಸಿದರೆ ಅಂದೇ. ಓ ರಿಂಗ್ (ಕೊಂಡಿಗಳ ನಡುವಿನ ರಬ್ಬರ್ ಉಂಗುರ) ಇರುವ ಚೈನನ್ನು ಸೀಮೆಎಣ್ಣೆ, ಮೆತ್ತನೆಯ ಬ್ರಶ್ ಬಳಸಿ ತೊಳೆಯಬಹುದು. ಪೆಟ್ರೋಲ್, ತಂತಿ ಬ್ರಶ್ ಎರಡೂ ರಿಂಗುಗಳನ್ನು ಹಾಳು ಮಾಡುತ್ತವೆ. ಎಣ್ಣೆಯನ್ನು ಚೈನಿನ ಒಳಮೈಗೆ, ಓಡಿಸಿ ಬಂದ ಬಿಸಿಯಲ್ಲೇ ಹಾಕಿ, ಆಮೇಲೆ ಮೇಲಿನದನ್ನು ಒರೆಸಿ.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು: ಎಂಜಿನ್ ಆನ್ ಮಾಡಿ ಗೇರ್ ಹಾಕಿ ಚೈನ್ ಒರೆಸಬೇಡಿ. ಬಟ್ಟೆಯ ಜೊತೆ ಬೆರಳನ್ನೂ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಎಳೆದುಕೊಳ್ಳುತ್ತದೆ. ಬೆರಳು ತುಂಡಾದವರು ಇದ್ದಾರೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಸ್ಪ್ರಾಕೆಟ್ ಹಲ್ಲುಗಳು ಕೊಕ್ಕೆಯಂತೆ ಒಂದು ಕಡೆ ವಾಲಿದ್ದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ.

ಬೈಕ್ ಸ್ಟಾರ್ಟ್ ಆಗುತ್ತಿಲ್ಲ. ಎಲ್ಲಿಂದ ನೋಡಲಿ?

ಕಿಲ್ ಸ್ವಿಚ್‌ನಿಂದ, ಅಂದರೆ ಹ್ಯಾಂಡಲ್ ಮೇಲೆ ಎಂಜಿನ್ ನಿಲ್ಲಿಸಲು ಇರುವ ಸ್ವಿಚ್‌ನಿಂದ. ನಗಬೇಡಿ, ಎಷ್ಟೋ ಸಲ ಅದೇ. ಆಮೇಲೆ ಸೈಡ್ ಸ್ಟ್ಯಾಂಡ್, ನ್ಯೂಟ್ರಲ್ ದೀಪ, ಪೆಟ್ರೋಲ್.

ಬಟನ್ ಒತ್ತಿದಾಗ ಬರೀ ಟಕ್ ಟಕ್ ಸದ್ದು ಬಂದು ದೀಪ ಮಂಕಾದರೆ ಬ್ಯಾಟರಿ ದುರ್ಬಲ, ಇಲ್ಲವೇ ಟರ್ಮಿನಲ್ ಸಡಿಲ. ಏನೂ ಸದ್ದಿಲ್ಲ, ದೀಪವೂ ಇಲ್ಲ ಅಂದರೆ ಫ್ಯೂಸ್ ನೋಡಿ. ಎಂಜಿನ್ ಚೆನ್ನಾಗಿ ತಿರುಗುತ್ತದೆ ಆದರೆ ಹತ್ತುವುದಿಲ್ಲ ಅಂದರೆ ಪೆಟ್ರೋಲ್ ಅಥವಾ ಪ್ಲಗ್ ಕಡೆ ಹೋಗಿ.

ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ. ಕೆಂಪು ಬಣ್ಣದ್ದು 10, ನೀಲಿ 15, ಹಳದಿ 20 ಆಂಪಿಯರ್. ಹೊಸದೂ ಕೂಡಲೇ ಸುಟ್ಟರೆ ಎಲ್ಲೋ ವೈರ್ ತಾಗುತ್ತಿದೆ. ದೊಡ್ಡ ಫ್ಯೂಸ್ ಹಾಕಿದರೆ ಮುಂದಿನ ಸಲ ಸುಡುವುದು ವೈರಿಂಗ್.

ಬ್ಯಾಟರಿ ಹೋಗಿದೆಯಾ ಅಂತ ಹೇಗೆ ತಿಳಿಯುವುದು?

ಬೈಕ್ ಕೆಲವು ಗಂಟೆ ನಿಂತ ಮೇಲೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಮೇಲಿದ್ದರೆ ತುಂಬಿದೆ. 12.4ಕ್ಕಿಂತ ಕೆಳಗಾದರೆ ಚಾರ್ಜ್ ಮಾಡಿ. ಎಂಜಿನ್ ಸ್ವಲ್ಪ ಏರಿಸಿದಾಗ ಸುಮಾರು 13.5ರಿಂದ 14.7 ವೋಲ್ಟ್ ತೋರಿಸಬೇಕು. ತೋರಿಸದಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಚಾರ್ಜ್ ಮಾಡುವ ಕಡೆಯದ್ದು. ಇದನ್ನು ನೋಡದೆ ಹೊಸ ಬ್ಯಾಟರಿ ತಂದರೆ ಅದೂ ಸಾಯುತ್ತದೆ.

ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಮೇಲಿರುವ ಪಾನಾ ಫ್ರೇಮಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಜೋಡಿಸಿದ ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ.

ಪ್ಲಗ್ ಬದಲಿಸುವುದು ಕಷ್ಟವಾ?

ಕಷ್ಟ ಇಲ್ಲ, ಅವಸರ ಬೇಡ. ಎಂಜಿನ್ ಪೂರ್ತಿ ತಣ್ಣಗಿರಲಿ. ಪ್ಲಗ್ ಸುತ್ತಲಿನ ಮಣ್ಣನ್ನು ಮೊದಲು ಊದಿ ತೆಗೆಯಿರಿ, ಇಲ್ಲದಿದ್ದರೆ ಸಿಲಿಂಡರ್ ಒಳಗೆ ಬೀಳುತ್ತದೆ. ಹೊಸದನ್ನು ಬೆರಳಲ್ಲೇ ಕೊನೆಯವರೆಗೂ ತಿರುಗಿಸಿ. ಮಧ್ಯದಲ್ಲಿ ಬಿಗಿಯಾದರೆ ಥ್ರೆಡ್ ಅಡ್ಡ ಕೂತಿದೆ, ವಾಪಸ್ ತೆಗೆಯಿರಿ. ಕೂತ ಮೇಲೆ ಪಾನಾದಿಂದ ಸುಮಾರು ಅರ್ಧ ಸುತ್ತು. ಹಳೆಯದನ್ನೇ ಮತ್ತೆ ಹಾಕುತ್ತಿದ್ದರೆ ಇನ್ನೂ ತುಂಬಾ ಕಡಿಮೆ.

ತೆಗೆದ ಪ್ಲಗ್ಗಿನ ತುದಿ ತಿಳಿ ಕಂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಎಣ್ಣೆ ಜಿಡ್ಡಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗುವ ಕಾಲ ಬಂತು.

ಕಾರಿನ ಎಂಜಿನ್ ಆಯಿಲ್ ಬೈಕಿಗೆ ಹಾಕಬಹುದಾ?

ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ಪದಾರ್ಥ ಇರುತ್ತದೆ, ಕ್ಲಚ್ ಜಾರತೊಡಗುತ್ತದೆ. ಡಬ್ಬದ ಮೇಲೆ ಜಾಸೊ (JASO, ಆಯಿಲ್‌ಗೆ ಜಪಾನಿನ ಮಾನದಂಡ) ಎಂಎ ಅಥವಾ ಎಂಎ2 ಅಂತ ಇರುವುದನ್ನೇ ತನ್ನಿ. ಮಟ್ಟ ನೋಡುವಾಗ ಬೈಕ್ ನೇರವಾಗಿ ನಿಂತಿರಬೇಕು. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ಸುಳ್ಳು ಹೇಳುತ್ತದೆ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ.

ಟ್ಯೂಬ್‌ಲೆಸ್ ಪಂಕ್ಚರ್ ನಾನೇ ಹಾಕಬಹುದಾ?

ಮೊಳೆ ನೆಲಕ್ಕೆ ತಾಗುವ ಭಾಗದಲ್ಲಿದ್ದರೆ ಹಾಕಬಹುದು, ಪಕ್ಕದ ಗೋಡೆಯಲ್ಲಿದ್ದರೆ ಬೇಡವೇ ಬೇಡ. ಸಾಮಾನು ಸಿದ್ಧವಾಗುವವರೆಗೆ ಮೊಳೆ ಕೀಳಬೇಡಿ. ಕಿತ್ತ ಕೂಡಲೇ ರೀಮರ್ (ಪಂಕ್ಚರ್ ಕಿಟ್ಟಿನ ಒರಟು ಕಡ್ಡಿ) ಹಾಕಿ ತೂತು ಒರಟು ಮಾಡಿ, ಸೂಜಿಗೆ ಪೋಣಿಸಿದ ಅಂಟಿನ ದಾರವನ್ನು ಮುಕ್ಕಾಲು ಭಾಗ ಒಳಗೆ ತಳ್ಳಿ, ಸೂಜಿಯನ್ನು ಒಮ್ಮೆಲೇ ಎಳೆಯಿರಿ. ಗಾಳಿ ತುಂಬಿ, ಸೋಪಿನ ನೀರು ಹಾಕಿ ಗುಳ್ಳೆ ಬರುತ್ತದಾ ನೋಡಿ. ಇದು ಊರು ಸೇರಲು ಮಾಡುವ ರಿಪೇರಿ. ನಿಧಾನಕ್ಕೆ ಓಡಿಸಿ, ಟೈರಿನ ಒಳಭಾಗ ನೋಡಿಸಿ ಸರಿಯಾದ ಪ್ಯಾಚ್ ಹಾಕಿಸಿ.

ಬ್ರೇಕ್ ಕೆಲಸ ಮನೆಯಲ್ಲಿ ಮಾಡಬಹುದಾ?

ಪ್ಯಾಡ್ ನೋಡುವುದನ್ನು ಎಲ್ಲರೂ ಕಲಿಯಬೇಕು. ಟಾರ್ಚ್ ಹಿಡಿದು ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ, ಪ್ಯಾಡುಗಳಿರುವ ಭಾಗ) ಒಳಗೆ ಇಣುಕಿ. ಪ್ಯಾಡಿನ ಗೆರೆ ಮಾಯವಾಗಿದ್ದರೆ, ಅಥವಾ ದಪ್ಪ ಒಂದೂವರೆ ಮಿ.ಮೀ.ಗೆ ಬಂದಿದ್ದರೆ ಬದಲಿಸುವ ಹೊತ್ತು. ಹೊಸ ಪ್ಯಾಡ್ ಹಾಕಿದ ಮೇಲೆ ಲಿವರ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ನೋಡದೆ ಬೈಕ್ ಕದಲಿಸಬೇಡಿ. ಮೊದಲ ಒತ್ತಿಗೆ ಬ್ರೇಕ್ ಇರುವುದೇ ಇಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 (ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ) ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಸೇರಿದ ಮೇಲಿನ ಮಿತಿ 155 ಡಿಗ್ರಿ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಮೆತ್ತಗಾಗುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಡಾಟ್ 5 ಸಿಲಿಕೋನಿನದು, ಅದನ್ನು 3, 4, 5.1ರ ಜೊತೆ ಬೆರೆಸಬಾರದು.

ಯಾವುದನ್ನು ಮನೆಯಲ್ಲಿ ಮುಟ್ಟದಿರುವುದು ಒಳ್ಳೆಯದು?

ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕ, ಫೋರ್ಕ್ ಒಳಭಾಗ, ಸ್ಟಿಯರಿಂಗ್ ಬೇರಿಂಗ್, ಚಕ್ರದ ಬೇರಿಂಗ್. ವಿಶೇಷ ಸಾಮಾನು ಇಲ್ಲದೆ ಇವು ಸರಿಯಾಗಿ ಕೂರುವುದಿಲ್ಲ. ವಾಲ್ವ್ ಕ್ಲಿಯರೆನ್ಸ್ (ಎಂಜಿನ್ ವಾಲ್ವಿನ ಬಳಿಯ ಸಣ್ಣ ಸಂದು) ಹೊಂದಿಸುವುದು ಹಳೆಯ ಸ್ಕ್ರೂ ಮಾದರಿಯ ಎಂಜಿನ್ನಿನಲ್ಲಿ ತಾಳ್ಮೆ ಇದ್ದವರಿಗೆ ಸಾಧ್ಯ, ಶಿಮ್ (ಸಂದು ಹೊಂದಿಸುವ ತೆಳು ಬಿಲ್ಲೆ) ಮಾದರಿಯದಾದರೆ ಬೇಡ. ತುಕ್ಕು ಹಿಡಿದ ಬೋಲ್ಟ್ ಎಲ್ಲೇ ಇರಲಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಬೆಳಗ್ಗೆಯೂ ಕದಲದಿದ್ದರೆ ತಲೆ ಮುರಿಯುವ ಮೊದಲೇ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ತಲೆ ಇರುವ ಬೋಲ್ಟ್ ತೆಗೆಯಲು ಅವನಿಗೆ ಹತ್ತು ನಿಮಿಷ, ತಲೆ ಹೋದದ್ದನ್ನು ಕೊರೆದು ತೆಗೆಯಲು ಅರ್ಧ ದಿನ.